ಪಾಲಿಸ್ಟರ್ ದೋಣಿ

ಜೋಯಿಡಾ ತಾಲ್ಲೂಕು
9 ಜೂನ್ 2024

ನಾಸಿರ್ ಭಾಯಿಗೆ,

ಅಸ್ಸಲಾಮು ಅಲೈಕುಂ. ಶಾಲೆ ಶುರುವಾಗಿ ಹತ್ತು ದಿನವಾಯಿತು. ಮೊನ್ನೆ ಎಂಟನೇ ತರಗತಿಗೆ ಪತ್ರಲೇಖನ ಕಲಿಸುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ನೀವು ಯಾರಿಗೆ ಪತ್ರ ಬರೀತೀರಿ?" ಎಂದು ಕೇಳಿಬಿಟ್ಟಳು. ಅದೇ ಸಂಜೆ ಅಂಚೆ ಕಚೇರಿಗೆ ಹೋಗಿ ಐದು ಇನ್‌ಲ್ಯಾಂಡ್ ಕೊಂಡು ತಂದೆ.

ನೇರವಾಗಿ ಕೇಳುತ್ತೇನೆ. ನನ್ನ ಮೇಲೆ ಕೋಪವೇ? ಈದ್ ಮುಗಿದ ವಾರ ನೀವು ಹೊಸಕೋಟೆಯಿಂದ ಕರೆಸಿದ್ದ ಗಂಡಿನ ಕಡೆಯವರ ಮುಂದೆ ಟೀ ತಟ್ಟೆ ಇಟ್ಟು, "ನನಗೆ ಇನ್ನೊಂದು ಮದುವೆ ಬೇಡ" ಎಂದೆ. ಅವರು ಎದ್ದು ಹೋದರು. ನೀವು ತುಟಿ ಪಿಟಕ್ಕೆನ್ನಲಿಲ್ಲ. ಅಂದಿನಿಂದ ಇಂದಿನವರೆಗೆ ನಿಮ್ಮ ದನಿ ನನ್ನ ಕಿವಿಗೆ ಬಿದ್ದಿಲ್ಲ. ಇಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಶಾಲೆಯ ಹಿಂದಿನ ದಿಬ್ಬ ಹತ್ತಬೇಕು. ಮುಖ ಕಾಣುವ ಕಾಲ್ ಅಂತೂ ಅಲ್ಲಿಯೂ ಹೋಗದು. ಕಾಲಿಗೆ ಇಂಬಳ, ಅದೇ ಜಿಗಣೆ, ಕಚ್ಚಿಸಿಕೊಂಡು ಹತ್ತಿ ಫೋನ್ ಮಾಡಿದರೆ ಪ್ರತಿಸಲವೂ ಖುರ್ಷಿದ್ ಭಾಭಿಯೇ ಎತ್ತುತ್ತಾರೆ. "ಮಗ್ಗದ ಹತ್ರ ಇದಾರೆ", "ನಮಾಜಿಗೆ ಹೋದ್ರು", "ಈಗ ತಾನೇ ಮಲಗಿದ್ರು". ಒಬ್ಬ ಮನುಷ್ಯ ಎರಡು ತಿಂಗಳು ಹೀಗೆ ಮಲಗುತ್ತಾನೆಯೇ?

ನನ್ನವರು ತೀರಿಕೊಂಡು ಆರು ವರ್ಷವಾಯಿತು. ಒಬ್ಬಳೇ ಇರುವುದು ಅಭ್ಯಾಸವಾಗಿದೆ, ಅದರ ಬಗ್ಗೆ ದೂರಿಲ್ಲ. ಆದರೆ ಅಬ್ಬಾ ಹೋದ ಮೇಲೆ ನನ್ನನ್ನು ಓದಿಸಿದವರು ನೀವು. ನೀವು ಮಾತು ಬಿಟ್ಟರೆ ನನಗೆ ತವರೇ ಇಲ್ಲ. ಬೈಯುವುದಿದ್ದರೆ ಬೈಯಿರಿ, ಆದರೆ ಬಾಯಿ ಬಿಟ್ಟು ಬೈಯಿರಿ.

ನಿಮ್ಮ ತಂಗಿ
ತಂಜೀಲಾ


ದೊಡ್ಡಬಳ್ಳಾಪುರ
30 ಜೂನ್ 2024

ತಂಜೀ,

ವ ಅಲೈಕುಂ ಸಲಾಂ. ಕೋಪಗೀಪ ಏನೂ ಇಲ್ಲ. ಹೊಸಕೋಟೆಯವರದು ಮುಗಿದ ಕಥೆ, ಬಿಡು. ನನಗೆ ಮಂಡಿ ನೋವು. ಅದಕ್ಕೇ ಮಗ್ಗದ ರಿಪೇರಿಗೆ ಹೋಗುವುದನ್ನು ಕಮ್ಮಿ ಮಾಡಿದ್ದೇನೆ. ಫೋನಿನಲ್ಲಿ ಮಾತಾಡುವುದು ನನಗೆ ಮೊದಲಿಂದಲೂ ಆಗದು. ಪತ್ರ ಒಳ್ಳೆಯದು. ಪತ್ರವನ್ನೇ ಬರಿ.

ಮನೆಯಲ್ಲಿ ಕೂತರೆ ಕೈ ತುರಿಸುತ್ತದೆ. ಬೆಳಿಗ್ಗೆ ರೈಲ್ವೆ ಸ್ಟೇಷನ್‌ವರೆಗೆ ನಡೆದು ಹೋಗುತ್ತೇನೆ, ವಾಪಸ್ ಬರುತ್ತೇನೆ, ಮತ್ತೆ ಹೋಗುತ್ತೇನೆ. "ಚಪ್ಪಲಿ ಸವೆದ್ಹೋಯ್ತು, ಒಂದ್ಕಡೆ ಕೂತ್ಕೊಳ್ರೀ" ಅಂತ ಖುರ್ಷಿದ್ ಬೈಯುತ್ತಾಳೆ. ಮೂವತ್ತೈದು ವರ್ಷ ಊರಿನ ಮಗ್ಗಗಳನ್ನೆಲ್ಲ ಬಿಚ್ಚಿ ಕಟ್ಟಿದ ಕೈ, ಸುಮ್ಮನೆ ಕೂರು ಅಂದರೆ ಕೂರುತ್ತದೆಯೇ? ಹಾಗಾಗಿ ಒಂದು ಕೆಲಸ ಹಿಡಿದಿದ್ದೇನೆ. ನಗಬೇಡ. ದೋಣಿ ಕಟ್ಟುತ್ತಿದ್ದೇನೆ.

ಒಂದು ದಿನ ಸುಮ್ಮನೆ ಬಸ್ಸು ಹತ್ತಿ ಮಾಕಳಿದುರ್ಗದ ಕೆಳಗಿನ ಕೆರೆಗೆ ಹೋಗಿದ್ದೆ. ಮೀನು ಹಿಡಿಯುವ ಮುನಿರಾಮಯ್ಯ ತೆಪ್ಪದಲ್ಲಿ ಒಬ್ಬನೇ ನೀರಿನ ನಡುವೆ ಕೂತಿದ್ದ. ಯಾರೂ ಅವನನ್ನು ಮಾತಾಡಿಸುವ ಹಾಗಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಖುರ್ಷಿದಳ ಮೊಬೈಲಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಯಾವುದೋ ದೇಶದ ಮುದುಕ ತನ್ನ ಹಿತ್ತಲಿನಲ್ಲಿ ಉದ್ದನೆಯ ಸಣ್ಣ ದೋಣಿ ಕಟ್ಟುತ್ತಾನೆ. ಮರದ ಪಟ್ಟಿ ಬಗ್ಗಿಸಿ ಪಕ್ಕೆಲುಬು ಕಟ್ಟುವುದು, ಮೇಲೆ ಬಟ್ಟೆ ಬಿಗಿಯುವುದು, ಬಣ್ಣ ಬಳಿಯುವುದು. ಬಾಯಿ ಬಿಡುವುದೇ ಇಲ್ಲ, ಕೈ ಮಾತ್ರ ತೋರಿಸುತ್ತಾನೆ. ಅಂಥ ಗುರು ಬೇಕು ನೋಡು. ನಮ್ಮ ಹಿಂದಿನ ಶೆಡ್ ಖಾಲಿಯೇ ಇದೆ. ಹದಿನಾಲ್ಕು ಅಡಿಗೆ ಗುರುತು ಹಾಕಿದ್ದೇನೆ. ಬಟ್ಟೆಯ ವಿಷಯ ಮಾತ್ರ ದೊಡ್ಡಬಳ್ಳಾಪುರದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಿನ್ನ ಕಡೆ ಹೊಳೆಯಲ್ಲಿ ದೋಣಿಯವರು ಇದ್ದಾರಲ್ಲ. ಮರ ಹೇಗೆ ಆರಿಸುತ್ತಾರೆ, ಹುಟ್ಟು ಎಷ್ಟು ಉದ್ದ ಇರಬೇಕು, ಕೇಳಿ ಬರಿ. ಬೇಗ ಬರಿ.

ನಾಸಿರ್


ಜೋಯಿಡಾ ತಾಲ್ಲೂಕು
21 ಜುಲೈ 2024

ಭಾಯಿ,

ಎರಡು ಪುಟ ದೋಣಿ, ನನ್ನ ಪ್ರಶ್ನೆಗೆ ಒಂದೂವರೆ ಸಾಲು. ಆದರೂ ನಿಮ್ಮ ಅಕ್ಷರ ನೋಡಿ ಅತ್ತೆ. ಫೋನಿನಲ್ಲಿ ಮಾತಾಡುವುದು ಮೊದಲಿಂದಲೂ ಆಗದು ಎಂದು ಬರೆದಿದ್ದೀರಿ. ನಾನು ಬಿ.ಎಡ್. ಓದುವಾಗ ಹಾಸ್ಟೆಲಿಗೆ ವಾರಕ್ಕೆ ಮೂರು ಸಲ ಫೋನ್ ಮಾಡಿ, ವಾರ್ಡನ್ ಹತ್ತಿರ ಬೈಸಿಕೊಳ್ಳುತ್ತಿದ್ದವರು ಯಾರು?

ಸರಿ, ಕೇಳಿದ್ದನ್ನು ಬರೆಯುತ್ತೇನೆ. ಕಾಳಿ ಹೊಳೆಯಲ್ಲಿ ಪ್ರವಾಸಿಗರಿಗೆ ದೋಣಿ ನಡೆಸುವ ಅಜ್ಜರೊಬ್ಬರಿದ್ದಾರೆ. ಅವರು ಮೂರು ಮಾತು ಹೇಳಿದರು. ಮರದ ಪಟ್ಟಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳಬೇಕಂತೆ. ಟಣ್ ಎಂದರೆ ಒಳ್ಳೆಯದು, ಬೊದ್ ಎಂದು ಮಂಕಾಗಿ ಸದ್ದು ಬಂದರೆ ಒಳಗೆ ಬಿರುಕಿದೆ. ಹುಟ್ಟು ನಿಂತವರ ಗಲ್ಲದವರೆಗೆ ಬರಬೇಕು. ಮೂರನೆಯದು ಮುಖ್ಯ: ಹೊಸ ದೋಣಿಯಲ್ಲಿ ಇಳಿದವನು ದಡದಿಂದ ಕೂಗಿದರೆ ಕೇಳುವಷ್ಟು ದೂರ ಮಾತ್ರ ಹೋಗಬೇಕು, ದಡದಲ್ಲಿ ಒಬ್ಬರು ಇರಲೇಬೇಕು.

ನೀವು ತಟ್ಟಿ ನೋಡಿದಿರಾ? ಮೊದಲು ಅದನ್ನು ಬರೆಯಿರಿ. ಮಂಡಿ ನೋವಿಗೆ ಡಾಕ್ಟರು ಏನೆಂದರು?

ತಂಜೀಲಾ


ದೊಡ್ಡಬಳ್ಳಾಪುರ
8 ಸೆಪ್ಟೆಂಬರ್ 2024

ತಂಜೀ,

ತಡವಾಯಿತು. ಇಲ್ಲೇ ಹತ್ತಿರದ ಮಧುರೆಯ ಅಪ್ಪಯ್ಯಣ್ಣನ ತೋಟದಲ್ಲಿ ಕಡಿದ ಸಿಲ್ವರ್ ಓಕ್ ಸಿಕ್ಕಿತು. ಸಾಮಿಲ್‌ನಲ್ಲಿ ಕಾಲಿಂಚು ಪಟ್ಟಿ ಹೊಡೆಸಿದೆ. ಅದನ್ನು ಬಗ್ಗಿಸಲು ಹಬೆ ಬೇಕು. ಬಿರಿಯಾನಿ ದೇಗ್‌ನಲ್ಲಿ ನೀರು ಕುದಿಸಿ, ಮುಚ್ಚಳಕ್ಕೆ ಪೈಪು ಕೂರಿಸಿ, ಪಟ್ಟಿಗಳನ್ನು ಅದರೊಳಗೆ ತುರುಕಿದೆ. ಅವತ್ತು ಖುರ್ಷಿದ್ ನನ್ನನ್ನು ಮನೆಯಿಂದ ಆಚೆ ಹಾಕದೇ ಇದ್ದದ್ದು ದೊಡ್ಡದು. ಆದರೆ ಬಗ್ಗಿತು! ಹೊರಗೆ ತೆಗೆದು ಎಣಿಸಿ ಹತ್ತರೊಳಗೆ ಬಗ್ಗಿಸಬೇಕು, ತಡವಾದರೆ ಕಡ್ಡಿಯ ಹಾಗೆ ಮುರಿಯುತ್ತದೆ. ಇಪ್ಪತ್ತೆರಡು ಪಕ್ಕೆ ಆಗಿವೆ.

ಮೊದಲನೆಯ ಹುಟ್ಟು ಒಲೆಗೆ ಹೋಯಿತು. ಎರಡನೆಯದು ರೊಟ್ಟಿ ಮೊಗಚುವುದಕ್ಕೆ ಆದೀತು. ಮೂರನೆಯದು ಚೆನ್ನಾಗಿ ಬಂದಿದೆ, ನನ್ನ ಗಲ್ಲಕ್ಕೆ ಸರಿಯಾಗಿದೆ. ಇನ್ನೊಂದನ್ನೂ ಕೆತ್ತಿದೆ, ನಾಲ್ಕು ಅಡಿ ನಾಲ್ಕು ಇಂಚು. ನಿನ್ನ ಗಲ್ಲ ಅಷ್ಟೇ ತಾನೆ?

ಮಂಡಿ ಪರವಾಗಿಲ್ಲ.

ನಾಸಿರ್


ಜೋಯಿಡಾ ತಾಲ್ಲೂಕು
19 ಸೆಪ್ಟೆಂಬರ್ 2024

ಭಾಯಿ,

ನನ್ನ ಗಲ್ಲ ಅಷ್ಟೇ. ಆ ಸಾಲನ್ನು ನಾಲ್ಕು ಸಲ ಓದಿದೆ. ಕೋಪ ಇದ್ದವರು ಹುಟ್ಟು ಕೆತ್ತುತ್ತಾರೆಯೇ ಎಂದು ಸಮಾಧಾನವಾಯಿತು. ದಸರಾ ರಜೆ ಮೂರನೇ ತಾರೀಖಿನಿಂದ. ಬರಲೇ? ನನ್ನ ಹತ್ತಿರ ಕೂತು ಅರ್ಧ ಗಂಟೆ ಮಾತಾಡಿ ಸಾಕು, ಮಿಕ್ಕ ಹೊತ್ತೆಲ್ಲ ನಾನು ದೋಣಿಗೆ ಉಪ್ಪುಕಾಗದ ಉಜ್ಜಿಕೊಡುತ್ತೇನೆ.

ತಂಜೀಲಾ


ದೊಡ್ಡಬಳ್ಳಾಪುರ
28 ಸೆಪ್ಟೆಂಬರ್ 2024

ತಂಜೀ,

ಈಗ ಬೇಡ. ಮನೆಯೆಲ್ಲ ಮರದ ಪುಡಿ. ದೋಣಿ ಮುಗಿಯಲಿ, ಆಮೇಲೆ ನೋಡೋಣ.

ನಾಸಿರ್


ದೊಡ್ಡಬಳ್ಳಾಪುರ
17 ನವೆಂಬರ್ 2024

ತಂಜೀ,

ನಿನ್ನಿಂದ ಪತ್ರವಿಲ್ಲ. ಇರಲಿ, ನಾನೇ ಬರೆಯುತ್ತೇನೆ. ಒಂದು ಅನಾಹುತವಾಯಿತು. ಯಾರಿಗಾದರೂ ಹೇಳದಿದ್ದರೆ ತಲೆ ಸಿಡಿದುಹೋಗುತ್ತದೆ.

ಬಟ್ಟೆಗೆ ಮಗ್ಗದಿಂದ ಇಳಿದ ಹಸಿ ಪಾಲಿಸ್ಟರ್ ತಂದಿದ್ದೆ. ಇನ್ನೂ ಬಿಸಿ ಕಾಣದ ಬಟ್ಟೆ. ಕಾವು ತಾಗಿದರೆ ಅದು ಕುಗ್ಗುತ್ತದೆ ಅಂತ ನಮ್ಮೂರಿನ ಕೂಸಿಗೂ ಗೊತ್ತು. ಅಂಗಡಿಯ ಬಟ್ಟೆ ಹಾಕಿ ಮೊಳೆ ಹೊಡೆಯುವವರು ಹೊಡೆಯಲಿ, ನಾನು ಹಸಿ ಬಟ್ಟೆಯನ್ನು ದೋಣಿಗೆ ಹೊಲಿದು ಇಸ್ತ್ರಿ ಪೆಟ್ಟಿಗೆ ಆಡಿಸಿದೆ. ಸುಕ್ಕೆಲ್ಲ ಮಾಯವಾಗಿ ತಮಟೆಯ ಹಾಗೆ ಬಿಗಿಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆಸೆ ಕೇಳಬೇಕಲ್ಲ. ಪೆಟ್ಟಿಗೆಯ ಕಾವು ಹೆಚ್ಚಿಸಿ ಎರಡನೇ ಸುತ್ತು ಹಾಕಿದೆ. ಅರ್ಧಕ್ಕೆ ಬಂದಿದ್ದೆ, ಖುರ್ಷಿದ್ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದು ಪ್ಲಗ್ ಕಿತ್ತಳು. ತಿರುಗಿ ನೋಡಿದರೆ ಹಿಂದಿನ ತುದಿಯಲ್ಲಿ ಏಳು ಪಕ್ಕೆ ಮುರಿದಿವೆ. ಬಟ್ಟೆಯೇ ಮರವನ್ನು ಹಿಂಡಿಬಿಟ್ಟಿತ್ತು.

ಆ ರಾತ್ರಿ ಊಟ ಸೇರಲಿಲ್ಲ. ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಕಟ್ಟಬೇಕು. ಕಟ್ಟುತ್ತೇನೆ. ಕಟ್ಟದೆ ಬೇರೆ ಏನು ಮಾಡಲಿ?

ನಾಸಿರ್


ಜೋಯಿಡಾ ತಾಲ್ಲೂಕು
8 ಡಿಸೆಂಬರ್ 2024

ನಾಸಿರ್ ಭಾಯಿಗೆ,

ಪಕ್ಕೆ ಮುರಿದದ್ದು ಓದಿ ಬೇಜಾರಾಯಿತು. ಭಾಭಿ ಓಡಿ ಬಂದು ಪ್ಲಗ್ ಕೀಳುವಷ್ಟು ಸಿಟ್ಟಾಗಿದ್ದಾರೆ ಎಂದರೆ ಮನೆಯಲ್ಲಿ ಈ ದೋಣಿ ಯಾರಿಗೂ ಬೇಕಿಲ್ಲ ಎಂದು ಕಾಣುತ್ತದೆ. ಅವರಿಗೂ ಸ್ವಲ್ಪ ನೆಮ್ಮದಿ ಕೊಡಿ.

ಬರಬೇಡ ಎಂದ ಮನೆಗೆ ಸಲಹೆ ಕೊಡಲು ನಾನ್ಯಾರು? ದಸರಾದ ಹದಿನೇಳು ದಿನ ಕ್ವಾರ್ಟರ್ಸಿನಲ್ಲೇ ಇದ್ದೆ. ಅಕ್ಕಪಕ್ಕದವರು ಊರಿಗೆ ಹೋಗಲಿಲ್ಲವೇ ಎಂದು ಕೇಳಿದಾಗಲೆಲ್ಲ ಸುಳ್ಳು ಹೇಳಿದೆ. ನೀವು ಪತ್ರ ಬರೆಯುವುದು ದೋಣಿಯ ಸುದ್ದಿ ಹೇಳಲು, ನನ್ನ ಜೊತೆ ಮಾತಾಡುವುದಕ್ಕಲ್ಲ ಎಂದು ಈಗ ಅರ್ಥವಾಗಿದೆ. ಇನ್ನು ಮೇಲೆ ಫೋನಿಗಾಗಿ ದಿಬ್ಬ ಹತ್ತುವುದಿಲ್ಲ.

ತಂಜೀಲಾ


ದೊಡ್ಡಬಳ್ಳಾಪುರ
27 ಜನವರಿ 2025

ತಂಜೀ,

ತೇಲಿತು! ನಿನ್ನೆ ರಜೆ ಇತ್ತಲ್ಲ, ಪಕ್ಕದ ಮನೆಯ ಅಂಬರೀಶನ ಗೂಡ್ಸ್ ಆಟೋ ಮೇಲೆ ಕಟ್ಟಿಕೊಂಡು ಮಾಕಳಿದುರ್ಗದ ಕೆರೆಗೆ ಹೋದೆವು. ಮೂರು ಕೋಟು ಬಣ್ಣ, ಹಸಿರು. ಒಂದು ಹನಿ ನೀರು ಒಳಗೆ ಬರಲಿಲ್ಲ. ಹುಟ್ಟು ಹಾಕಿದೆ, ಹಾಕಿದೆ, ಬೆಟ್ಟದ ನೆರಳು ದಾಟಿ ಆಚೆ ಹೋದೆ. ಎಷ್ಟೋ ತಿಂಗಳ ಮೇಲೆ ಮೊದಲ ಸಲ ನನ್ನ ಕಾಲು ಸುಮ್ಮನಿತ್ತು. ದಡದಲ್ಲಿ ಮುನಿರಾಮಯ್ಯ ಇದ್ದ, ನೀನು ಗಾಬರಿಯಾಗಬೇಡ.

ನೀನು ಬರೆದದ್ದು ಓದಿದೆ. ಹಾಗೆಲ್ಲ ಅಂದುಕೊಳ್ಳಬೇಡ. ಬೇರೆ ಏನು ಬರೆಯಬೇಕೋ ತಿಳಿಯುತ್ತಿಲ್ಲ.

ನಾಸಿರ್


ಜೋಯಿಡಾ ತಾಲ್ಲೂಕು
9 ಫೆಬ್ರವರಿ 2025

ಭಾಯಿ,

ಹತ್ತುವುದಿಲ್ಲ ಎಂದಿದ್ದರೂ ದಿಬ್ಬ ಹತ್ತಿದೆ. ದೋಣಿ ತೇಲಿತು ಎಂದಿರಲ್ಲ, ಭಾಭಿಗೆ ಮುಬಾರಕ್ ಹೇಳೋಣ ಎಂದು ಫೋನ್ ಮಾಡಿದೆ. ಅವರು ಹಲೋ ಎನ್ನುವ ಮೊದಲೇ ಅಳಲು ಶುರುಮಾಡಿದರು.

ಬೆಟ್ಟದ ನೆರಳು ದಾಟಿದ್ದನ್ನು ಬರೆದಿರಿ. ದಾಟಿದ ಮೇಲೆ ಏನಾಯಿತು ಎಂದು ಯಾಕೆ ಬರೆಯಲಿಲ್ಲ? "ಬಲೆ ಬಿಟ್ಟಿದೀನಿ, ಆ ಕಡೆ ಹೋಗ್ಬೇಡ ಕಣಣ್ಣೋ!" ಎಂದು ಮುನಿರಾಮಯ್ಯ ಗಂಟಲು ಹರಿಯುವ ಹಾಗೆ ಕೂಗಿದರಂತೆ. ಏರಿಯ ಮೇಲೆ ಹಸು ಮೇಯಿಸುವವರೂ ಕೂಗಿದರಂತೆ. ನೀವು ಹಿಂತಿರುಗಿ ನೋಡದೆ ನೇರವಾಗಿ ಬಲೆಗೆ ಹೋಗಿ ಮಗುಚಿಕೊಂಡಿರಿ. ಕಾಲಿಗೆ ಬಲೆ ಸುತ್ತಿ ಎರಡು ಸಲ ಮುಳುಗಿದಿರಿ. ಅವರು ತೆಪ್ಪ ತಂದು ಕೂದಲು ಹಿಡಿದು ಎಳೆಯದಿದ್ದರೆ ಇವತ್ತು ನನಗೆ ಬರುತ್ತಿದ್ದ ಸುದ್ದಿಯೇ ಬೇರೆ.

ಕ್ವಾರ್ಟರ್ಸಿಗೆ ಬಂದು ನಿಮ್ಮ ಪತ್ರಗಳನ್ನೆಲ್ಲ ಉತ್ತರಪತ್ರಿಕೆ ತಿದ್ದುವ ಹಾಗೆ ಮತ್ತೆ ಓದಿದೆ. ತಟ್ಟಿ ನೋಡಿದಿರಾ ಎಂದರೆ ಉತ್ತರವಿಲ್ಲ. ಏಳು ಪಕ್ಕೆ ಮುರಿದ ಸದ್ದು ಅಡುಗೆಮನೆಗೆ ಕೇಳಿಸಿತು, ಪಕ್ಕದಲ್ಲೇ ನಿಂತಿದ್ದವರಿಗೆ ಕೇಳಿಸಲಿಲ್ಲ. ಭಾಭಿಗೆ ಸಿಟ್ಟು ಬಂದಿತ್ತು ಎಂದು ಬರೆದ ನನ್ನ ಬುದ್ಧಿಗೆ ಏನು ಹೇಳಲಿ.

ನಿನಗೆ ಕಿವಿ ಕೇಳಿಸುವುದಿಲ್ಲ. ಎಷ್ಟು ದಿನದಿಂದ? ಹೌದು, ಸಿಟ್ಟಿನಲ್ಲಿ ಏಕವಚನಕ್ಕೆ ಇಳಿದಿದ್ದೇನೆ, ಏಳುವುದೂ ಇಲ್ಲ. ಹತ್ತು ತಿಂಗಳು ನನ್ನನ್ನು ಅಳಿಸಿದೆಯಲ್ಲ, ಒಂದು ಸಾಲು ಬರೆದಿದ್ದರೆ ಆಗುತ್ತಿರಲಿಲ್ಲವೇ? ತವರು ಇಲ್ಲ ಎಂದು ನಾನು ಒಪ್ಪಿಕೊಂಡೂಬಿಟ್ಟಿದ್ದೆ. ಕಿವಿ ಹೋದರೆ ಹೋಗಲಿ, ಕೈಗೇನಾಗಿತ್ತು?

ತಂಜೀಲಾ


ದೊಡ್ಡಬಳ್ಳಾಪುರ
20 ಫೆಬ್ರವರಿ 2025

ತಂಜೀ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ಮೂರು ವರ್ಷದಿಂದ ಕಮ್ಮಿಯಾಗುತ್ತಾ ಬಂತು. ಯಾರಿಗೂ ಗೊತ್ತಾಗಲಿಲ್ಲ. ಮಗ್ಗದ ಮನೆಯಲ್ಲಿ ಯಾರು ಬಾಯಿಂದ ಮಾತಾಡುತ್ತಾರೆ ಹೇಳು. ಆ ಗದ್ದಲದಲ್ಲಿ ಎಲ್ಲ ಕೈಸನ್ನೆ, ತುಟಿ ನೋಡುವುದು. ಅಲ್ಲಿ ನಾನೂ ಒಂದೇ, ಕೇಳಿಸುವವನೂ ಒಂದೇ. ಆದರೆ ನನ್ನ ಕಸುಬು ಕಿವಿಯದು. ಬೀದಿಯಲ್ಲಿ ನಡೆದುಹೋಗುವಾಗಲೇ ಯಾವ ಮನೆಯ ಎಷ್ಟನೇ ಮಗ್ಗದ ಬೋಲ್ಟು ಸಡಿಲವಾಗಿದೆ ಅಂತ ಹೇಳುತ್ತಿದ್ದೆ. ಹೋದ ವರ್ಷ ಫೆಬ್ರವರಿಯಲ್ಲಿ ಒಂದು ಮಗ್ಗ ಸರಿಮಾಡಿ, ಎಲ್ಲ ಸರಿಯಿದೆ ಅಂತ ಹೇಳಿ ಚಾಲೂ ಮಾಡಿಸಿದೆ. ಅದು ತಪ್ಪು ತಾಳ ಹೊಡೆಯುತ್ತಿತ್ತಂತೆ. ನನಗೆ ಕೇಳಿಸಲಿಲ್ಲ. ಲಾಳಿ ಹಾರಿ ಮಗ್ಗದ ಮುಂದೆ ನಿಂತಿದ್ದ ಹೆಂಗಸಿನ ಹಣೆಗೆ ಬಡಿಯಿತು. ಆರು ಹೊಲಿಗೆ. ಅವಳು ನನ್ನನ್ನು ಬೈಯಲೂ ಇಲ್ಲ. ನಾನೇ ಮಂಡಿ ನೋವು ಅಂತ ಹೇಳಿ ಕೆಲಸ ಬಿಟ್ಟೆ. ಮಂಡಿಗೆ ಏನೂ ಆಗಿಲ್ಲ.

ಬೆಂಗಳೂರಿನ ಡಾಕ್ಟರು ನರವೇ ಹೋಗಿದೆ ಅಂದರು. ಕಿವಿಗೆ ಮಿಷನ್ ಹಾಕಿ ನೋಡಿದರು, ಬರೀ ಗರಗರ.

ಇನ್ನೊಂದು ಹೇಳಬೇಕು. ಹೊಸಕೋಟೆಯವರ ಮುಂದೆ ನೀನು ಬೇಡ ಅಂದದ್ದು ನನಗೆ ಕೇಳಿಸಲೇ ಇಲ್ಲ. ನೀನು ಅವರ ಕಡೆ ತಿರುಗಿದ್ದೆ, ತುಟಿ ಕಾಣಲಿಲ್ಲ. ನಾನು ನಗುತ್ತಾ ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳುತ್ತಿದ್ದೆ. ಅವರು ಎದ್ದಾಗ ಟೀಗೆ ಸಕ್ಕರೆ ಕಮ್ಮಿಯಾಯಿತೇನೋ ಅಂದುಕೊಂಡೆ. ಸಂಜೆ ಖುರ್ಷಿದ್ ಬರೆದು ತೋರಿಸಿದಳು. ತಂಗಿ ತನ್ನ ಜೀವನದ ಮಾತು ಹೇಳುತ್ತಿದ್ದಾಳೆ, ಅಣ್ಣ ಬಿಸ್ಕತ್ತು ತಳ್ಳುತ್ತಿದ್ದಾನೆ. ಅವತ್ತೇ ಖುರ್ಷಿದಳ ಕೈಯಲ್ಲಿ ಆಣೆ ಹಾಕಿಸಿಕೊಂಡೆ, ನಿನಗೆ ಹೇಳಬಾರದು ಅಂತ. ನಿನ್ನನ್ನು ಓದಿಸಿದ ಮನುಷ್ಯ ಹಾಗೆಯೇ ನಿನ್ನ ಕಣ್ಣಿಗೆ ಇರಲಿ ಅನ್ನಿಸಿತ್ತು. ನಾಚಿಕೆ ಕಣೇ. ಬೇರೇನೂ ಅಲ್ಲ.

ನೀರಿನ ನಡುವೆ ಯಾರೂ ಮಾತಾಡಿಸುವುದಿಲ್ಲ, ಯಾರ ಮುಂದೆಯೂ ಹ್ಞೂಂ ಹ್ಞೂಂ ಅಂತ ತಲೆಯಾಡಿಸಬೇಕಾಗಿಲ್ಲ. ಅದಕ್ಕೇ ದೋಣಿ.

ನಾಸಿರ್


ಜೋಯಿಡಾ ತಾಲ್ಲೂಕು
2 ಮಾರ್ಚ್ 2025

ಭಾಯಿ,

ಈದ್‌ಗೆ ಬರುತ್ತಿದ್ದೇನೆ. ಬರಲೇ ಎಂದು ಕೇಳುತ್ತಿಲ್ಲ, ನೋಡಿಕೋ. ಅಲ್ಲಿಯವರೆಗೆ ದೋಣಿಯನ್ನು ಮುಟ್ಟಿದರೆ ನಾನೇ ಅದಕ್ಕೆ ಮೂರನೇ ಸುತ್ತು ಇಸ್ತ್ರಿ ಹಾಕುತ್ತೇನೆ.

ನಿನ್ನ ಪತ್ರವನ್ನು ಎಂಟನೇ ತರಗತಿಯ ಪುಸ್ತಕಗಳ ನಡುವೆ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಬಿಸ್ಕತ್ತಿನ ಸಾಲು ಬಂದಾಗಲೆಲ್ಲ ನಗು ಬರುತ್ತದೆ, ಆಮೇಲೆ ನಿನ್ನ ಮೇಲೆ ಅಯ್ಯೋ ಅನಿಸುತ್ತದೆ, ಆಮೇಲೆ ಮತ್ತೆ ಸಿಟ್ಟು.

ತಂಜೀಲಾ


ದೊಡ್ಡಬಳ್ಳಾಪುರ
6 ಏಪ್ರಿಲ್ 2025

ತಂಜೀ,

ನೀನು ಹೋದ ಮೇಲೆ ಮನೆ ಖಾಲಿ ಖಾಲಿ. ಕೆರೆಯ ಏರಿಯ ಮೇಲೆ ನಿಂತು ನೀನು ನನ್ನನ್ನು ಬೈದದ್ದನ್ನು ಖುರ್ಷಿದ್ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ನಾನು ಅರ್ಧ ಕೆರೆ ದಾಟಿದ್ದೆ. ಸುಮ್ಮನೆ ತಿರುಗಿ ನೋಡಿದರೆ ನೀನು ಎರಡೂ ಕೈ ಎತ್ತಿ ಅಡ್ಡ ಬೀಸುತ್ತಿದ್ದೆ: ಮಗ್ಗ ನಿಲ್ಲಿಸು. ಅಬ್ಬಾ ಶೆಡ್ಡಿನ ಬಾಗಿಲಲ್ಲಿ ನಿಂತು ಮಾಡುತ್ತಿದ್ದರಲ್ಲ, ಅದೇ ಸನ್ನೆ. ನನಗಿಂತ ಮೊದಲು ನನ್ನ ಕೈ ಹುಟ್ಟು ನಿಲ್ಲಿಸಿತು. ಆಮೇಲೆ ನೀನು ಕೈಸನ್ನೆಯಲ್ಲೇ ಬೈಯಲು ಶುರುಮಾಡಿದೆ. ನೂಲು ಹರಿದಿದೆ, ಕಣ್ಣಿಲ್ಲವೇ ನಿನಗೆ, ಊಟಕ್ಕೆ ಬಾ, ತಲೆಯಲ್ಲಿ ಏನು ತುಂಬಿದೆ. ಇಪ್ಪತ್ತು ವರ್ಷ ಟೀಚರಾಗಿದ್ದರೂ ಮಗ್ಗದ ಮನೆಯ ಬೈಗುಳ ಒಂದೂ ಮರೆತಿಲ್ಲ ನೀನು. ಪಿ.ಟಿ. ಮೇಡಂ ಡ್ರಿಲ್ ಮಾಡಿಸ್ತಾ ಇದಾರೆ ಅಂತ ಹಸು ಮೇಯಿಸುವವರು ಅಂದುಕೊಂಡರಂತೆ. ಅಷ್ಟು ದೂರದಿಂದ ಒಂದೊಂದು ಮಾತೂ ನನಗೆ ಅರ್ಥವಾಯಿತು. ಒಂದು ವರ್ಷದಲ್ಲಿ ಯಾರ ಮಾತೂ ಅಷ್ಟು ಪೂರ್ತಿಯಾಗಿ ನನಗೆ ಸಿಕ್ಕಿರಲಿಲ್ಲ. ನೀರಿನಲ್ಲಿ ಕೂತು ಅತ್ತೆ. ನಿನಗೆ ಕಾಣಲಿಲ್ಲ.

ಇನ್ನು ಕೆಲಸದ ಮಾತು. ಭಾನುವಾರ ಸಂಜೆ ನಾಲ್ಕು ಗಂಟೆಗೆ ಆ ದಿಬ್ಬ ಹತ್ತಿ ಫೋನ್ ಮಾಡು. ಖುರ್ಷಿದ್ ಎತ್ತಿ ನನ್ನ ಕೈಗೆ ಕೊಡುತ್ತಾಳೆ. ನೀನು ಏನು ಹೇಳಿದರೂ ನನಗೆ ಕೇಳಿಸುವುದಿಲ್ಲ, ಅಲ್ಲಿ ನೀನು ಇದ್ದೀಯೋ ಇಲ್ಲವೋ ಅದೂ ಗೊತ್ತಾಗುವುದಿಲ್ಲ. ನಾನು ಮಾತಾಡುತ್ತೇನೆ. ನೀನು ಕೇಳಿಸಿಕೊ.

ನಿನ್ನ ಅಣ್ಣ
ನಾಸಿರ್